ವೃತ್ತಿಶಿಕ್ಷಣದ ಹಾಸುಹೊಕ್ಕು

ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸಲು ಹೋದ ತಂದೆತಾಯಿಗಳು ಅಲ್ಲಿಯ ಕಚೇರಿಯ ಕಿಟಕಿಯೆದುರು ನಿಂತು ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳುತ್ತಾರೆ. ಎಷ್ಟು ವರ್ಷದ ಓದು? ಎಷ್ಟು ಫೀ? ಮುಂದೆ ನೌಕರಿ ಸಿಗುವುದೆ? ಮೂರೂ ನ್ಯಾಯವಾದ ಪ್ರಶ್ನೆಗಳೇ. ಆದರೆ ನಾಲ್ಕನೆಯದೊಂದು ಪ್ರಶ್ನೆಯುಂಟು. ಅದನ್ನು ಕೇಳುವವರು ವಿರಳ. ಆ ಮೂರು, ನಾಲ್ಕು ಇಲ್ಲವೆ ಐದು ವರ್ಷಗಳನ್ನು ಒಳಗೆ ಹೇಗೆ ಜೋಡಿಸಿದ್ದಾರೆ? ಯಾವುದು ಮೊದಲು, ಯಾವುದು ಆಮೇಲೆ? ಓದು ಎಲ್ಲಿ ಕೆಲಸವನ್ನು ಮುಟ್ಟುತ್ತದೆ? ಇಂದು ನಾನು ಆಡಬಯಸುವ ಮಾತು ಈ ನಾಲ್ಕನೆಯ ಪ್ರಶ್ನೆಯನ್ನು ಕುರಿತದ್ದು. ವೃತ್ತಿಶಿಕ್ಷಣದ ಗುಣಾವಗುಣಗಳು ಪಠ್ಯಪುಸ್ತಕದಲ್ಲಿರುವುದಕ್ಕಿಂತ ಹೆಚ್ಚಾಗಿ ಈ ಜೋಡಣೆಯಲ್ಲಿವೆ ಎಂಬುದು ಈ ಸೀಮೆಯಲ್ಲಿ ಮೂವತ್ತು ವರ್ಷ ವಾಣಿಜ್ಯಶಾಸ್ತ್ರವನ್ನು ಬೋಧಿಸಿದ ನನ್ನ ತಿಳಿವಳಿಕೆ.

ಈ ಸೀಮೆ ಎಂದರೆ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ. ಕೃಷ್ಣೆ ಮತ್ತು ಘಟಪ್ರಭೆಗಳ ನೀರುಣ್ಣುವ ಈ ನಾಡಿನಲ್ಲಿ ಕಸುಬುಗಳಿಗೆ ಕೊರತೆಯಿಲ್ಲ. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ಸದ್ದು ಬೆಳಗಿನಿಂದ ರಾತ್ರಿಯವರೆಗೆ ಕೇಳುತ್ತದೆ. ಮುಧೋಳ, ಜಮಖಂಡಿಗಳ ಸುತ್ತ ಕಬ್ಬು, ಸಕ್ಕರೆ ಕಾರಖಾನೆ, ಬೆಲ್ಲದ ಗಾಣ. ಬೀಳಗಿಯಲ್ಲಿ ಆಲಮಟ್ಟಿಯ ಹಿನ್ನೀರಿಗೆ ನೆಲವನ್ನು ಬಿಟ್ಟುಕೊಟ್ಟ ಊರುಗಳು, ಅವುಗಳ ಪುನರ್ವಸತಿಯ ಮುಗಿಯದ ಕಾಗದಪತ್ರ. ಇವೆಲ್ಲವೂ ಕಾಲೇಜುಗಳ ಬಾಗಿಲಿನಿಂದ ಒಂದು ಬಸ್ಸಿನ ದಾರಿಯಲ್ಲಿವೆ. ಹೀಗಿದ್ದೂ ಕಾಲೇಜಿನೊಳಗಿನ ಓದಿಗೂ ಹೊರಗಿನ ಈ ಕೆಲಸಗಳಿಗೂ ಪರಿಚಯ ಕಡಿಮೆ. ಏಕೆ ಹೀಗಾಯಿತು ಎಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಒಂದು ಕಾಲಕ್ಕೆ ಈ ಊರುಗಳ ಹುಡುಗರಿಗೆ ಉನ್ನತ ವ್ಯಾಸಂಗವೆಂದರೆ ಊರು ಬಿಡುವುದೇ ಆಗಿತ್ತು. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ಗುರುದೇವ ರಾನಡೆಯವರು ಕಾಲೇಜಿನ ಓದಿಗೆ ಪುಣೆಯ ಡೆಕ್ಕನ್ ಕಾಲೇಜಿಗೆ ಹೋದರು. ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿದ ಬಿ. ಡಿ. ಜತ್ತಿಯವರು ಕೊಲ್ಹಾಪುರದಲ್ಲಿ ಕಾನೂನು ಓದಿ, ಜಮಖಂಡಿಗೆ ಮರಳಿ ವಕೀಲಿ ನಡೆಸಿ, ಮುಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು, ದೇಶದ ಉಪರಾಷ್ಟ್ರಪತಿಗಳಾದರು. ಇನ್ನೊಂದು ಸಂಗತಿ ಅನೇಕರಿಗೆ ತಿಳಿದಿರಲಾರದು. 1916ರಲ್ಲಿ ಪುಣೆಯಲ್ಲಿ ‘ನ್ಯೂ ಪೂನಾ ಕಾಲೇಜು’ ಎಂಬ ಹೆಸರಿನಿಂದ ಆರಂಭವಾದ ಸಂಸ್ಥೆ ಇಂದು ಸರ್ ಪರಶುರಾಮಭಾವೂ ಕಾಲೇಜೆಂದು ಪ್ರಸಿದ್ಧವಾಗಿದೆ. ಆ ಪರಶುರಾಮಭಾವೂ ಜಮಖಂಡಿಯ ಪಟವರ್ಧನ ಮನೆತನದವರು. ಜಮಖಂಡಿ ಸಂಸ್ಥಾನದ ದೇಣಿಗೆಯಿಂದ ಆ ಹೆಸರು ಬಂದಿತು. ಎಂದರೆ, ನಮ್ಮ ಊರಿನ ಹಣ ಪುಣೆಯ ಕಾಲೇಜಿಗೆ ಹೋಯಿತು, ನಮ್ಮ ಊರಿನ ಹುಡುಗರು ಆ ಹಣದ ಹಿಂದೆ ಹೋದರು. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಅಂದಿನ ರೀತಿ ಅದು.

ಅನಂತರದ ಕಥೆ ಬೇರೆ. ಬಾಗಲಕೋಟೆಯಲ್ಲಿ 1906ರಲ್ಲಿ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ, ವಿಜಯಪುರದಲ್ಲಿ 1910ರಲ್ಲಿ ಫ. ಗು. ಹಳಕಟ್ಟಿಯವರ ಮುಂದಾಳುತನದಲ್ಲಿ ಹುಟ್ಟಿದ ಬಿ.ಎಲ್.ಡಿ.ಇ. ಸಂಸ್ಥೆ, ಇಂಥವು ಕಾಲೇಜುಗಳನ್ನು ನಮ್ಮ ಬಾಗಿಲಿಗೆ ತಂದವು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ಧಾರವಾಡದಲ್ಲಿ ನೆಲೆಸಿತು. 1963ರಲ್ಲಿ ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆಯಿತು. ತಾಂತ್ರಿಕ ಕಾಲೇಜುಗಳಿಗೆಂದೇ 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬಂದಿತು. ಇಂದು ಮುಧೋಳದಲ್ಲಿಯೇ ಬೀಳೂರು ಗುರುಬಸವ ಮಹಾಸ್ವಾಮಿಗಳ ಹೆಸರಿನ ತಾಂತ್ರಿಕ ಮಹಾವಿದ್ಯಾಲಯವಿದೆ. ಸಾಮಾನ್ಯ ಪದವಿ ಕಾಲೇಜುಗಳು 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಕಕ್ಷೆಗೆ ಸೇರಿದವು. 2023ರ ಮಾರ್ಚಿನಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯವೆಂಬ ಹೊಸ ಸಂಸ್ಥೆ ಉದ್ಘಾಟನೆಗೊಂಡಿತು. ಅದರ ಕೇಂದ್ರಸ್ಥಾನ ಜಮಖಂಡಿ. ಕಾಲೇಜು ದೂರದಿಂದ ಹತ್ತಿರಕ್ಕೆ ಬಂದಿತು. ಆದರೆ ಪದವಿಯ ಜೋಡಣೆ ಮಾತ್ರ ದೂರದಲ್ಲಿಯೇ ಉಳಿಯಿತು.

ಪದವಿಯನ್ನು ಜೋಡಿಸುವವರು ಯಾರು? ಮೂರು ಹಂತದ ಕೈಗಳು ಅದನ್ನು ಮುಟ್ಟುತ್ತವೆ. ಮೊದಲನೆಯದು ದೆಹಲಿಯ ಪರಿಷತ್ತುಗಳು. ಇಂಜಿನಿಯರಿಂಗಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು, ಕಾನೂನಿಗೆ ಬಾರ್ ಕೌನ್ಸಿಲ್, ಅಧ್ಯಾಪಕ ಶಿಕ್ಷಣಕ್ಕೆ ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತು, ವೈದ್ಯಕ್ಕೆ 2020ರಿಂದ ರಾಷ್ಟ್ರೀಯ ವೈದ್ಯಕೀಯ ಆಯೋಗ. ಸಣ್ಣ ಊರುಗಳ ಕಾಲೇಜುಗಳಲ್ಲಿ ಬಹಳ ಮಂದಿ ಸೇರುವ ಬಿ.ಬಿ.ಎ., ಬಿ.ಸಿ.ಎ. ಪದವಿಗಳು ಕೂಡ 2024-25ರಿಂದ ತಾಂತ್ರಿಕ ಶಿಕ್ಷಣ ಪರಿಷತ್ತಿನ ಅನುಮೋದನೆಯ ವ್ಯಾಪ್ತಿಗೆ ಬಂದವು. ವರ್ಷಗಳೆಷ್ಟು, ಕನಿಷ್ಠ ಪ್ರಾಯೋಗಿಕ ತರಬೇತಿ ಎಷ್ಟು, ಅಧ್ಯಾಪಕರೆಷ್ಟು ಎಂಬುದನ್ನು ಈ ಪರಿಷತ್ತುಗಳು ಗೊತ್ತುಪಡಿಸುತ್ತವೆ. ಎರಡನೆಯದು ವಿಶ್ವವಿದ್ಯಾಲಯ. ಅದು ಸೆಮಿಸ್ಟರುಗಳನ್ನು ವಿಂಗಡಿಸುತ್ತದೆ, ವಿಷಯಗಳ ಪಟ್ಟಿಯನ್ನು ಕೊಡುತ್ತದೆ, ಪರೀಕ್ಷೆಯನ್ನು ನಡೆಸುತ್ತದೆ. ಮೂರನೆಯದು ಕಾಲೇಜು. ಅದರ ಪಾಲಿಗೆ ಉಳಿಯುವುದು ವೇಳಾಪತ್ರಿಕೆ, ಐಚ್ಛಿಕ ವಿಷಯಗಳ ಆಯ್ಕೆ, ವಿದ್ಯಾರ್ಥಿಯನ್ನು ತರಬೇತಿಗೆ ಎಲ್ಲಿಗೆ ಕಳಿಸಬೇಕೆಂಬ ನಿರ್ಧಾರ, ಮತ್ತು ಆಂತರಿಕ ಅಂಕಗಳು. ನಮ್ಮ ಪ್ರಾಚಾರ್ಯರು ಅನೇಕ ವೇಳೆ ‘ಎಲ್ಲವೂ ಮೇಲಿನಿಂದ ಬರುತ್ತದೆ, ನಮ್ಮ ಕೈಯಲ್ಲೇನಿದೆ?’ ಎನ್ನುತ್ತಾರೆ. ಅವರ ಮಾತಿನಲ್ಲಿ ಮುಕ್ಕಾಲು ಪಾಲು ಸತ್ಯವಿದೆ. ಉಳಿದ ಕಾಲು ಪಾಲಿನ ಮೇಲೆಯೇ ನನ್ನ ಈ ಮಾತು ನಿಂತಿದೆ.

ಜೋಡಣೆಯ ಒಳಗಣಿತವನ್ನು ಒಂದಿಷ್ಟು ನೋಡೋಣ. ಇಂದಿನ ಪದವಿಗಳನ್ನು ಅಳೆಯುವ ಕೋಲಿಗೆ ಕ್ರೆಡಿಟ್ ಎಂದು ಹೆಸರು. ಒಂದು ಸೆಮಿಸ್ಟರಿನಲ್ಲಿ ವಾರಕ್ಕೆ ಒಂದು ಗಂಟೆಯ ಪಾಠ ಕೇಳಿದರೆ ಒಂದು ಕ್ರೆಡಿಟ್. ವಾರಕ್ಕೆ ಎರಡು ಗಂಟೆ ಪ್ರಯೋಗಶಾಲೆಯಲ್ಲಿ ಕೈಯಾಡಿಸಿದರೂ ಒಂದೇ ಕ್ರೆಡಿಟ್. ಹದಿನೈದು ವಾರಗಳ ಲೆಕ್ಕ ಹಿಡಿದರೆ 15 ಗಂಟೆಯ ಉಪನ್ಯಾಸವೂ 30 ಗಂಟೆಯ ಕೈಕೆಲಸವೂ ಸಮ. ಇಂಜಿನಿಯರಿಂಗ್ ಪದವಿಯನ್ನು ಇಂಥ ಸುಮಾರು 160 ಕ್ರೆಡಿಟ್‌ಗಳಿಂದ ಎಂಟು ಸೆಮಿಸ್ಟರುಗಳಲ್ಲಿ ಕಟ್ಟುತ್ತಾರೆ. ಈ ಲೆಕ್ಕಕ್ಕೆ ಒಂದು ಸಮರ್ಥನೆಯುಂಟು: ಒಂದು ಗಂಟೆ ಪಾಠ ಕೇಳಿದವನು ಮನೆಯಲ್ಲಿ ಇನ್ನೊಂದು ಗಂಟೆ ಓದಿಕೊಳ್ಳುತ್ತಾನೆ, ಪ್ರಯೋಗ ಮಾಡಿದವನಿಗೆ ಆ ಹೊರೆಯಿಲ್ಲ ಎಂಬುದು. ಆದರೆ ಇದನ್ನು ವರ್ಷವರ್ಷವೂ ಕಂಡ ಹುಡುಗನ ಮನಸ್ಸಿನಲ್ಲಿ ಉಳಿಯುವ ಪಾಠ ಬೇರೆ. ಕೈಯ ಕೆಲಸದ ಬೆಲೆ ಮಾತಿನ ಕೆಲಸದ ಅರ್ಧ ಎಂದು ಅವನು ಯಾರೂ ಹೇಳಿಕೊಡದೆ ಕಲಿಯುತ್ತಾನೆ. ಮಗ್ಗದ ಮನೆಯಿಂದ ಬಂದ ಹುಡುಗನಿಗೆ ಈ ಪಾಠ ಬೇಗ ಅರ್ಥವಾಗುತ್ತದೆ. ಏಕೆಂದರೆ ಹೊರಗಿನ ಲೋಕವೂ ಅವನಿಗೆ ಅದನ್ನೇ ಹೇಳುತ್ತ ಬಂದಿದೆ.

ಇನ್ನು ಓದನ್ನೂ ಕೆಲಸವನ್ನೂ ಕೂಡಿಸುವ ಬಗೆಗಳು. ಮುಖ್ಯವಾಗಿ ಮೂರು ಬಗೆಗಳನ್ನು ನಾವು ಕಾಣಬಹುದು.

ಮೊದಲನೆಯದು, ಓದು ಮುಗಿದ ಮೇಲೆ ಕೆಲಸ. ವೈದ್ಯ ಪದವಿಯ ಹಳೆಯ ಕ್ರಮ ಇದು. ನಾಲ್ಕೂವರೆ ವರ್ಷದ ವ್ಯಾಸಂಗ, ಆಮೇಲೆ ಒಂದು ವರ್ಷ ಆಸ್ಪತ್ರೆಯಲ್ಲಿ ತರಬೇತಿ. ಆಯುರ್ವೇದಕ್ಕೂ ಪಶುವೈದ್ಯಕ್ಕೂ ಇದೇ ಅಚ್ಚು. ವೈದ್ಯಶಿಕ್ಷಣವನ್ನು ಮೊದಲು ವಿಜ್ಞಾನ, ಆಮೇಲೆ ಆಸ್ಪತ್ರೆ ಎಂದು ಎರಡು ಭಾಗ ಮಾಡುವ ಪದ್ಧತಿ 1910ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಫ್ಲೆಕ್ಸ್‌ನರ್ ವರದಿಯಿಂದ ಬಲಗೊಂಡಿತು. ಅಂದಿನ ನಾಮಮಾತ್ರದ ವೈದ್ಯ ಶಾಲೆಗಳ ಹಾವಳಿಯನ್ನು ತಡೆಯಲು ಆ ಕ್ರಮ ಬೇಕಾಗಿತ್ತು. ಆದರೆ ನಮ್ಮ ದೇಶದಲ್ಲಿಯೇ 2019ರಲ್ಲಿ ಹೊಸ ವೈದ್ಯ ಪಠ್ಯಕ್ರಮ ಬಂದಾಗ, ಮೊದಲ ವರ್ಷದಿಂದಲೇ ವಿದ್ಯಾರ್ಥಿ ರೋಗಿಯ ಬಳಿಗೆ ಹೋಗಬೇಕೆಂಬ ನಿಯಮವನ್ನು ಸೇರಿಸಿದರು. ಶವವನ್ನು ಮೊದಲು ಕಂಡು ರೋಗಿಯನ್ನು ಆಮೇಲೆ ಕಾಣುವ ಕ್ರಮ ಸಾಲದು ಎಂದು ವೈದ್ಯ ಪ್ರಪಂಚವೇ ಒಪ್ಪಿಕೊಂಡಂತಾಯಿತು.

ಎರಡನೆಯದು, ಓದು ಒಂದು ಕಂತು, ಕೆಲಸ ಒಂದು ಕಂತು ಎಂದು ಸರದಿಯಲ್ಲಿ ಇಡುವುದು. 1906ರಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಎಂಬ ಪ್ರಾಧ್ಯಾಪಕರು ಇದನ್ನು ಆರಂಭಿಸಿದರು. ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕೆಲವು ದಿನ ತರಗತಿಯಲ್ಲಿ, ಕೆಲವು ದಿನ ಕಾರಖಾನೆಯಲ್ಲಿ. ಕಾರಖಾನೆಯಲ್ಲಿ ದುಡಿದ ದಿನಗಳಿಗೆ ಕೂಲಿಯೂ ಉಂಟು. ನಮ್ಮಲ್ಲಿ ಪಿಲಾನಿಯ ಬಿರ್ಲಾ ಸಂಸ್ಥೆ 1973ರಲ್ಲಿ ಪದವಿಯ ನಡುವೆಯೇ ವಿದ್ಯಾರ್ಥಿಗಳನ್ನು ಉದ್ಯಮಗಳಿಗೆ ಕಳಿಸುವ ಏರ್ಪಾಡು ಮಾಡಿತು. ಕೃಷಿ ಪದವಿಯ ಕೊನೆಯ ವರ್ಷದಲ್ಲಿ ಒಂದು ಸೆಮಿಸ್ಟರನ್ನು ಹಳ್ಳಿಯಲ್ಲಿ ರೈತರೊಡನೆ ಕಳೆಯುವ ಪದ್ಧತಿಯನ್ನೂ ಈ ಸಾಲಿಗೆ ಸೇರಿಸಬಹುದು. 2014ರ ನಿಯಮಗಳಂತೆ ಬಿ.ಎಡ್. ಎರಡು ವರ್ಷದ ಪದವಿಯಾದಾಗ, ಅದರೊಳಗೆ 20 ವಾರಗಳ ಶಾಲಾ ತರಬೇತಿ ಕಡ್ಡಾಯವಾಯಿತು. ಕಾನೂನಿನಲ್ಲಿ 2008ರ ನಿಯಮಗಳು ಮೂರು ವರ್ಷದ ಪದವಿಗೆ 12 ವಾರ, ಐದು ವರ್ಷದ ಪದವಿಗೆ 20 ವಾರ ತರಬೇತಿಯನ್ನು ವಿಧಿಸಿದವು.

ಮೂರನೆಯದು, ವಾರದೊಳಗೇ ಎರಡನ್ನೂ ಬೆರೆಸುವುದು. ಸಮಾಜಕಾರ್ಯದ ಸ್ನಾತಕೋತ್ತರ ವಿದ್ಯಾರ್ಥಿ ವಾರದಲ್ಲಿ ಎರಡು ದಿನ ಹಳ್ಳಿಗೋ ಆಸ್ಪತ್ರೆಗೋ ಸೇವಾಸಂಸ್ಥೆಗೋ ಹೋಗುತ್ತಾನೆ. ಉಳಿದ ದಿನ ತರಗತಿಯಲ್ಲಿ ಕೂಡುತ್ತಾನೆ. ಸೋಮವಾರ ಕಂಡದ್ದನ್ನು ಬುಧವಾರ ಕೇಳುತ್ತಾನೆ, ಬುಧವಾರ ಓದಿದ್ದನ್ನು ಮುಂದಿನ ಸೋಮವಾರ ಪರೀಕ್ಷಿಸುತ್ತಾನೆ. ನರ್ಸಿಂಗ್ ಪದವಿಯಲ್ಲಿಯೂ ವಾರ್ಡಿನ ಕೆಲಸ ಹೀಗೆಯೇ ಓದಿನ ಪಕ್ಕದಲ್ಲಿ ನಡೆಯುತ್ತದೆ.

ಬನಹಟ್ಟಿಯ ಕಡೆಯ ಕೇಳುಗರಿಗೆ ಇದನ್ನು ಅವರ ಮಾತಿನಲ್ಲಿಯೇ ಹೇಳಬಹುದು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲು ಹಾಸು. ಲಾಳಿಯೊಡನೆ ಅಡ್ಡಲಾಗಿ ಓಡುವ ನೂಲು ಹೊಕ್ಕು. ಹಾಸು ಮೊದಲೇ ಸಿದ್ಧವಾಗಿರಬೇಕು, ಗಟ್ಟಿಯಾಗಿರಬೇಕು, ಎಳೆ ತಪ್ಪಬಾರದು, ಶಾಸ್ತ್ರವೂ ಹಾಗೆಯೇ. ಆದರೆ ಹಾಸೆಲ್ಲ ಮುಗಿದ ಮೇಲೆ ಸೀರೆಯ ಕೊನೆಗೆ ಹೊಕ್ಕನ್ನೆಲ್ಲ ಒಟ್ಟಿಗೆ ಹಾಕುವ ನೇಕಾರನನ್ನು ನಾನಂತೂ ಕಂಡಿಲ್ಲ. ಹೊಕ್ಕು ಮೊದಲ ಗೇಣಿನಿಂದಲೇ ಹಾಸಿನೊಳಗೆ ಓಡಾಡಬೇಕು. ಪದವಿಯ ಕೊನೆಯ ಸೆಮಿಸ್ಟರಿನಲ್ಲಿ ಒಂದು ಪ್ರಾಜೆಕ್ಟು, ಒಂದು ಇಂಟರ್ನ್‌ಶಿಪ್ಪು, ಎರಡು ಪ್ರಮಾಣಪತ್ರ ಎಂದು ಅಂಟಿಸಿದರೆ ಅದು ಬಟ್ಟೆಯಾಗುವುದಿಲ್ಲ.

ಈ ಅಂಟಿಸುವಿಕೆಯಿಂದ ಏನಾಗುತ್ತದೆ ಎಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಕೆಲವು ವರ್ಷಗಳ ಹಿಂದೆ ಈ ಭಾಗದ ಒಂದು ಕಾಲೇಜಿನಲ್ಲಿ ಬಿ.ಸಿ.ಎ. ಕೊನೆಯ ವರ್ಷದ ಪ್ರಾಜೆಕ್ಟುಗಳನ್ನು ನೋಡಲು ನನ್ನನ್ನು ಕರೆದಿದ್ದರು. ಹತ್ತಾರು ವಿದ್ಯಾರ್ಥಿಗಳು ಗ್ರಂಥಾಲಯದ ನಿರ್ವಹಣೆಗೆ ತಂತ್ರಾಂಶವೊಂದನ್ನು ಸಿದ್ಧಪಡಿಸಿದ್ದರು. ವಿಷಯವೂ ಒಂದೇ, ಅಚ್ಚಾದ ವರದಿಯ ವಾಕ್ಯಗಳೂ ಒಂದೇ. ಇಂಥ ವರದಿಗಳು ಹಣಕ್ಕೆ ದೊರೆಯುತ್ತವೆಂಬುದು ಗುಟ್ಟೇನಲ್ಲ. ಅವರಲ್ಲಿ ಒಬ್ಬ ವಿದ್ಯಾರ್ಥಿನಿ ನೇಕಾರರ ಮನೆಯವಳು. ಮನೆಯ ಲೆಕ್ಕ ಯಾರು ಬರೆಯುತ್ತಾರೆ ಎಂದು ಮಾತಿಗೆ ಕೇಳಿದೆ. ತಾನೇ ಬರೆಯುತ್ತೇನೆಂದಳು. ಮಾಲಕರಿಂದ ತಂದ ನೂಲಿನ ತೂಕ, ತಿರುಗಿ ಕೊಟ್ಟ ಸೀರೆಗಳ ತೂಕ, ನಡುವೆ ಹೋದ ಕಸರು, ಸೀರೆಗೆ ಇಷ್ಟು ಎಂಬ ಮಜೂರಿ, ಹಬ್ಬಕ್ಕೆ ತೆಗೆದ ಮುಂಗಡ, ಅದರಲ್ಲಿ ವಾರವಾರವೂ ಮುರಿದುಕೊಂಡ ಹಣ, ಇಷ್ಟನ್ನೂ ಆಕೆ ಒಂದು ಉದ್ದನೆಯ ವಹಿಯಲ್ಲಿ ತಪ್ಪಿಲ್ಲದೆ ಇಡುತ್ತಿದ್ದಳು. ‘ಇದನ್ನೇ ಪ್ರಾಜೆಕ್ಟು ಮಾಡಬಹುದಿತ್ತಲ್ಲವ್ವಾ’ ಎಂದೆ. ‘ಇದೂ ನಡೀತದೇನ್ರೀ ಸರ್?’ ಎಂದು ಆಕೆ ಆಶ್ಚರ್ಯಪಟ್ಟಳು. ಗಣಕಶಾಸ್ತ್ರದವರು ಬಲ್ಲರು, ತೂಕದಿಂದ ಬರುವ ಸರಕು, ಎಣಿಕೆಯಿಂದ ಹೋಗುವ ಸರಕು, ಸಾಲದ ಕಂತು, ಇವು ಮೂರೂ ಕೂಡಿದ ಲೆಕ್ಕವನ್ನು ತಂತ್ರಾಂಶಕ್ಕೆ ಇಳಿಸುವುದು ಗ್ರಂಥಾಲಯದ ಪುಸ್ತಕಗಳನ್ನು ಎಣಿಸುವುದಕ್ಕಿಂತ ಕಠಿಣವಾದ ಕೆಲಸ. ಆಕೆಯ ಬಳಿ ನಿಜವಾದ ಸಮಸ್ಯೆಯಿತ್ತು, ನಿಜವಾದ ಅಂಕಿಗಳಿದ್ದವು, ತಪ್ಪಿದರೆ ಮರುದಿನವೇ ತಿಳಿಸಿಕೊಡುವ ತಂದೆಯಿದ್ದ. ಅವೆಲ್ಲವೂ ಕಾಲೇಜಿನ ಗೇಟಿನ ಹೊರಗೆ ಉಳಿದವು. ಆಕೆಯ ಬುದ್ಧಿಯಲ್ಲಿ ಕೊರತೆಯಿರಲಿಲ್ಲ. ಜೋಡಣೆಯಲ್ಲಿ ಅದಕ್ಕೊಂದು ತೆರಪಿರಲಿಲ್ಲ.

ಸಮಯದ ಜೋಡಣೆಯೂ ಇಷ್ಟೇ ಮುಖ್ಯ. ನಮ್ಮ ಸಕ್ಕರೆ ಕಾರಖಾನೆಗಳು ಕಬ್ಬು ನುರಿಸುವ ಹಂಗಾಮು ದೀಪಾವಳಿಯ ಆಸುಪಾಸಿನಲ್ಲಿ ತೊಡಗಿ ಬೇಸಿಗೆಯ ಮೊದಲಿಗೆ ಮುಗಿಯುತ್ತದೆ. ಇಂಜಿನಿಯರಿಂಗ್ ವಿದ್ಯಾರ್ಥಿಗೆ ದೊಡ್ಡ ಬಿಡುವು ದೊರೆಯುವುದು ಸಾಮಾನ್ಯವಾಗಿ ಬೇಸಿಗೆಯ ಕೊನೆಗೆ ಇಲ್ಲವೆ ಮಳೆಗಾಲದಲ್ಲಿ. ಆ ಹೊತ್ತಿಗೆ ಕಾರಖಾನೆಯಲ್ಲಿ ರಸ ಕಾಯುವುದಿಲ್ಲ, ಹಬೆ ಏಳುವುದಿಲ್ಲ. ಹಾಗೆಂದು ಆ ದಿನಗಳು ವ್ಯರ್ಥವೆಂದಲ್ಲ. ಹಂಗಾಮು ಮುಗಿದ ಮೇಲೆಯೇ ಗಿರಣಿಯ ಉರುಳೆಗಳನ್ನು ಕಳಚುತ್ತಾರೆ, ಬೇರಿಂಗುಗಳನ್ನು ತೆರೆಯುತ್ತಾರೆ, ಬಾಯ್ಲರಿನ ಕೊಳವೆಗಳನ್ನು ಶುಚಿ ಮಾಡುತ್ತಾರೆ. ಯಂತ್ರಶಾಸ್ತ್ರದ ವಿದ್ಯಾರ್ಥಿಗೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಓಡುವ ಯಂತ್ರಕ್ಕಿಂತ ಬಿಚ್ಚಿದ ಯಂತ್ರ ಹೆಚ್ಚು ಕಲಿಸುತ್ತದೆ. ಆದರೆ ವಿದ್ಯುತ್ತಿನ ಉತ್ಪಾದನೆಯನ್ನೋ ರಸದ ಶುದ್ಧೀಕರಣವನ್ನೋ ಕಾಣಬೇಕಾದವನು ಡಿಸೆಂಬರಿನಲ್ಲಿ ಹೋಗಬೇಕು. ಇದನ್ನು ಬೆಂಗಳೂರಿನ ಸಮಿತಿಯಾಗಲಿ ದೆಹಲಿಯ ಪರಿಷತ್ತಾಗಲಿ ಅರಿಯಲು ಸಾಧ್ಯವಿಲ್ಲ. ಮುಧೋಳದ ಅಧ್ಯಾಪಕ ಅರಿಯಬಲ್ಲ. ಯಾವ ಶಾಖೆಯವರು ಯಾವ ತಿಂಗಳು ಎಲ್ಲಿಗೆ ಎಂಬ ಒಂದು ಹಾಳೆಯ ಪಟ್ಟಿಯನ್ನು ಆತ ಬರೆದಿಟ್ಟರೆ, ಅದು ಪಠ್ಯಕ್ರಮಕ್ಕೆ ಮಾಡಿದ ದೊಡ್ಡ ತಿದ್ದುಪಡಿಯೇ ಸರಿ.

ಇಂಥ ಪಟ್ಟಿಗೆ ಸರಕು ಬೇಕಾದಷ್ಟಿದೆ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣಾನದಿಗೆ ಅಡ್ಡಲಾಗಿ 1989ರಲ್ಲಿ ರೈತರೇ ಹಣ ಕೂಡಿಸಿ, ಶ್ರಮದಾನ ಮಾಡಿ, ಬ್ಯಾರೇಜೊಂದನ್ನು ಕಟ್ಟಿದರು. ಮುಂದೆ ನಿಂತವರು ಸಿದ್ದು ನ್ಯಾಮಗೌಡರು. ಅದಕ್ಕೆ ಶ್ರಮಬಿಂದು ಸಾಗರವೆಂದು ಹೆಸರಾಯಿತು. ಸಿವಿಲ್ ಇಂಜಿನಿಯರಿಂಗ್ ಓದುವ ನಮ್ಮ ಹುಡುಗ ಪುಸ್ತಕದಲ್ಲಿ ಭಾಕ್ರಾ ಅಣೆಕಟ್ಟನ್ನು ಓದುತ್ತಾನೆ, ಓದಲಿ. ಆದರೆ ತನ್ನ ಅಜ್ಜ ಕಲ್ಲು ಹೊತ್ತಿರಬಹುದಾದ ಈ ಬ್ಯಾರೇಜಿನ ತಳಪಾಯ, ಬಾಗಿಲು, ನೀರಿನ ಲೆಕ್ಕಗಳನ್ನು ಅಳೆದು ಬರೆಯುವ ಒಂದು ಅಭ್ಯಾಸ ಅವನ ಎರಡನೆಯ ವರ್ಷದಲ್ಲಿ ಏಕಿರಬಾರದು? ಬೀಳಗಿಯ ಸಂಗತಿಯೂ ಹಾಗೆಯೇ. 2010ರಲ್ಲಿ ಕೃಷ್ಣಾ ನ್ಯಾಯಾಧಿಕರಣವು ಆಲಮಟ್ಟಿಯ ಎತ್ತರವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಅನುಮತಿ ನೀಡಿತು. ಆ ಅಂಕಿಗಳ ನಡುವಿನ ನಾಲ್ಕೂವರೆ ಮೀಟರಿನಲ್ಲಿ ಎಷ್ಟೋ ಕುಟುಂಬಗಳ ಹೊಲಮನೆಗಳಿವೆ. ಭೂಸ್ವಾಧೀನದ ನೋಟೀಸನ್ನು ಓದಿ ಹೇಳುವುದು, ಪರಿಹಾರದ ಅರ್ಜಿಯನ್ನು ಬರೆಯುವುದು, ಮನೆಯ ಮೌಲ್ಯವನ್ನು ಲೆಕ್ಕ ಹಾಕುವುದು ಕಾನೂನು, ವಾಣಿಜ್ಯ, ಸಮಾಜಕಾರ್ಯ ಈ ಮೂರೂ ಪದವಿಗಳವರಿಗೆ ನಿಜವಾದ ತರಬೇತಿ. ಮುಧೋಳದ ಸಮೀಪ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಮುಧೋಳದ ಬೇಟೆನಾಯಿಯ ತಳಿಯನ್ನು ಕಾಪಾಡುವ ಕೆಲಸ ಅಲ್ಲಿ ನಡೆದಿದೆ. ಈ ಊರುಗಳೇ ಪ್ರಯೋಗಶಾಲೆಗಳಾಗಬಲ್ಲವು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ, ಅದು ಹಗುರವಾದದ್ದಲ್ಲ. ರಬಕವಿಯ ನೇಕಾರರೊಬ್ಬರು ಒಮ್ಮೆ ನನಗೆ ನೇರವಾಗಿಯೇ ಹೇಳಿದರು: ‘ನನ್ನ ಮಗ ಮಗ್ಗ ಬಿಡ್ಲಿ ಅಂತನ ಕಾಲೇಜಿಗೆ ಹಾಕೇನ್ರೀ. ನೀವು ತಿರುಗಿ ಅವನ್ನ ಮಗ್ಗದ ಮುಂದ ಕೂಡಸ್ತೀರೇನು?’ ಈ ಪ್ರಶ್ನೆಯ ಮುಂದೆ ಯಾವ ಶಿಕ್ಷಣತಜ್ಞನೂ ಒಂದು ಕ್ಷಣ ಸುಮ್ಮನಾಗಬೇಕು. ಕಸುಬಿನ ಹೆಸರಿನಲ್ಲಿ ಮಗನನ್ನು ತಂದೆಯ ಸ್ಥಾನದಲ್ಲಿಯೇ ಕಟ್ಟಿಹಾಕುವುದು ನಮ್ಮ ಸಮಾಜಕ್ಕೆ ಹೊಸದಲ್ಲ. ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ಬಳೆಯ ಮಲಾರವನ್ನೇ ಹೊತ್ತು ತಿರುಗಿದ್ದರೆ ಕನ್ನಡಕ್ಕೆ ಕವಿಚಕ್ರವರ್ತಿಯೊಬ್ಬ ಇಲ್ಲವಾಗುತ್ತಿದ್ದ. ಆತ ಊರು ಬಿಟ್ಟು ಶ್ರವಣಬೆಳಗೊಳದ ಕಡೆಗೆ ನಡೆದು, ಅಜಿತಸೇನಾಚಾರ್ಯರಲ್ಲಿ ಓದಿದ. ಊರು ಬಿಡುವ ಹಕ್ಕು ಓದಿನ ಮೊದಲ ಹಕ್ಕು.

ಆದ್ದರಿಂದ ನನ್ನ ಮಾತನ್ನು ಸ್ಪಷ್ಟಪಡಿಸಬೇಕು. ವಿದ್ಯಾರ್ಥಿ ಮಗ್ಗಕ್ಕೆ ಮರಳಬೇಕೆಂದು ನಾನು ಹೇಳುತ್ತಿಲ್ಲ. ತನಗೆ ಚಿರಪರಿಚಿತವಾದ ಕೆಲಸವೊಂದನ್ನು ಶಾಸ್ತ್ರದ ಕಣ್ಣಿನಿಂದ ಬಿಡಿಸಿ ನೋಡಲು ಕಲಿತವನು ಅಪರಿಚಿತವಾದ ಕೆಲಸವನ್ನೂ ಹಾಗೆ ನೋಡಬಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ನೂಲಿನ ಲೆಕ್ಕವನ್ನು ತಂತ್ರಾಂಶಕ್ಕೆ ಇಳಿಸಿದ ಹುಡುಗಿ ಪುಣೆಯ ಕಂಪನಿಯೊಂದರಲ್ಲಿ ಬೇರೆ ಸರಕಿನ ಲೆಕ್ಕವನ್ನು ಇಳಿಸಬಲ್ಲಳು. ಸಂದರ್ಶನದಲ್ಲಿ ‘ನೀನು ಸ್ವತಃ ಏನು ಮಾಡಿದ್ದೀ?’ ಎಂದು ಕೇಳಿದರೆ ಹೇಳಲು ಆಕೆಯ ಬಳಿ ಒಂದು ಮಾತಿರುತ್ತದೆ. ಕೊಂಡು ತಂದ ವರದಿಯ ಒಡತಿಗೆ ಆ ಮಾತಿರುವುದಿಲ್ಲ. ಊರಿನ ಕೆಲಸವನ್ನು ಪದವಿಯೊಳಗೆ ತರುವುದು ಊರು ಬಿಡುವವರಿಗೂ ಬುತ್ತಿ, ಊರಲ್ಲಿ ಉಳಿಯುವವರಿಗೂ ಬುತ್ತಿ.

ಉಳಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳೆಂಬುದನ್ನು ಮರೆಯಬಾರದು. ಮಗನನ್ನು ಬೆಳಗಾವಿಗೆ, ಬೆಂಗಳೂರಿಗೆ ಕಳಿಸುವ ಮನೆ ಮಗಳನ್ನು ಸಂಜೆಯ ಬಸ್ಸಿಗೆ ಮರಳುವಷ್ಟು ದೂರದ ಕಾಲೇಜಿಗೆ ಮಾತ್ರ ಕಳಿಸುತ್ತದೆ. ಆಕೆಯ ಪಾಲಿಗೆ ಊರಿನ ಕಾಲೇಜೇ ಇರುವ ಒಂದೇ ಕಾಲೇಜು. ಈ ದೃಷ್ಟಿಯಿಂದ ಈಚಿನ ವರ್ಷಗಳ ಬದಲಾವಣೆಗಳನ್ನು ನೋಡಬೇಕು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿಯನ್ನು ಕರ್ನಾಟಕ ಮೊದಲಿಗೆ ಜಾರಿಗೆ ತಂದಿತು: ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. ಅನಂತರ ಸುಖದೇವ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ಸರ್ಕಾರ ಮೂರು ವರ್ಷದ ಪದವಿಗೆ ಮರಳಿತು. ಎರಡೂ ಕ್ರಮಗಳ ಪರವಾಗಿ ಯೋಗ್ಯವಾದ ವಾದಗಳುಂಟು. ಕಾಲೇಜಿನ ಒಳಗೆ ಆದದ್ದಿಷ್ಟು: 2024-25ರಲ್ಲಿ ಒಂದೇ ಪಡಸಾಲೆಯಲ್ಲಿ ಮೊದಲ ವರ್ಷದವರಿಗೆ ಒಂದು ಕ್ರಮ, ಹಿರಿಯ ವರ್ಷದವರಿಗೆ ಇನ್ನೊಂದು ಕ್ರಮ ನಡೆಯಿತು. ಅಧ್ಯಾಪಕನ ಶಕ್ತಿಯೆಲ್ಲ ಕಾರ್ಯಭಾರವನ್ನು ಹಂಚುವುದರಲ್ಲಿಯೇ ವ್ಯಯವಾಯಿತು. 2025ರ ಫೆಬ್ರವರಿಯಲ್ಲಿ ಹೊಸ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲನ್ನು ಮುಚ್ಚಬೇಕೆಂಬ ವಿಚಾರ ಸಂಪುಟದ ಉಪಸಮಿತಿಯಲ್ಲಿ ಬಂದಾಗ, ಆ ಪಟ್ಟಿಯಲ್ಲಿ ಜಮಖಂಡಿಯ ವಿಶ್ವವಿದ್ಯಾಲಯದ ಹೆಸರೂ ಇತ್ತು. ಹಣ, ಕಟ್ಟಡ, ಅಧ್ಯಾಪಕರಿಲ್ಲದ ವಿಶ್ವವಿದ್ಯಾಲಯ ಬರಿಯ ಫಲಕ ಎಂಬ ಮಾತು ಸುಳ್ಳಲ್ಲ. ಆದರೆ ಪದವಿಯ ಜೋಡಣೆ ಮೊತ್ತಮೊದಲ ಬಾರಿಗೆ ನಮ್ಮ ಕಣ್ಣೆದುರಿಗೆ, ನಮ್ಮ ಕಸುಬುಗಳ ನಡುವೆ ನಡೆಯಬಹುದೆಂಬ ಅವಕಾಶ ಆ ಫಲಕದ ಹಿಂದಿತ್ತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೇಲಿನವರು ಏನೇ ಮಾಡಲಿ, ಕಾಲೇಜಿನ ಕೈಯಲ್ಲಿರುವ ಆ ಕಾಲು ಪಾಲಿನಿಂದ ಏನು ಸಾಧ್ಯ? ನಾಲ್ಕು ಸಂಗತಿಗಳನ್ನು ಸೂಚಿಸುತ್ತೇನೆ. ವೇಳಾಪತ್ರಿಕೆಯಲ್ಲಿ ವಾರಕ್ಕೆ ಒಂದು ಅರ್ಧ ದಿನವನ್ನು, ಚೆದುರಿದ ಒಂದೊಂದು ಗಂಟೆಯಾಗಿ ಅಲ್ಲ, ಒಂದೇ ಗಂಟಾಗಿ ಹೊರಗಿನ ಕೆಲಸಕ್ಕೆ ಬಿಡಬೇಕು. ಬಸ್ಸು ಹತ್ತಿ ಹೋಗಿ ಬರಲು ಗಂಟೆಯ ಬಿಡುವು ಸಾಲದು. ವಿಶ್ವವಿದ್ಯಾಲಯ ಕೊಡುವ ಐಚ್ಛಿಕ ವಿಷಯಗಳ ಪಟ್ಟಿಯಿಂದ ಅಧ್ಯಾಪಕರ ಅನುಕೂಲಕ್ಕಿಂತ ಊರಿನ ಕೆಲಸಕ್ಕೆ ಹೊಂದುವುದನ್ನು ಆರಿಸಬೇಕು. ತರಬೇತಿಯ ಕಾಲವನ್ನು ಹಂಗಾಮಿಗೆ ಹೊಂದಿಸಬೇಕು. ಕೊನೆಯದಾಗಿ, ಆಂತರಿಕ ಅಂಕಗಳು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಈಚಿನ ಕ್ರಮದಲ್ಲಿ ಒಂದು ವಿಷಯದ ನೂರು ಅಂಕಗಳಲ್ಲಿ ಐವತ್ತು ಕಾಲೇಜಿನ ಕೈಯಲ್ಲಿವೆ. ಅರ್ಧದಷ್ಟು ಅಧಿಕಾರ! ಅದನ್ನು ನಾವು ಮೂರು ಸಣ್ಣ ಪರೀಕ್ಷೆಗಳಿಗೂ ನಕಲು ಮಾಡಿದ ದಾಖಲೆ ಪುಸ್ತಕಗಳಿಗೂ ಹಂಚಿ ಮುಗಿಸಬೇಕೆಂದು ಯಾವ ನಿಯಮದಲ್ಲಿಯೂ ಬರೆದಿಲ್ಲ.

ಇದಕ್ಕೆ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಮುಚ್ಚಿಡಲಾರೆ. ವಾರಕ್ಕಿಷ್ಟು ಗಂಟೆ ಎಂಬ ಕಾರ್ಯಭಾರದ ಮೇಲೆ ನೇಮಕಗೊಂಡ ಅತಿಥಿ ಉಪನ್ಯಾಸಕ ವಿದ್ಯಾರ್ಥಿಗಳೊಡನೆ ಬ್ಯಾರೇಜಿಗೋ ಮಗ್ಗದ ಮನೆಗೋ ಹೋದರೆ ಆ ಗಂಟೆಗಳನ್ನೂ ಪಾಠದ ಗಂಟೆಗಳೆಂದು ಎಣಿಸಬೇಕು. ಇಲ್ಲದಿದ್ದರೆ ಅವನು ಹೋಗುವುದಿಲ್ಲ, ಹೋಗೆಂದು ಹೇಳುವ ನೈತಿಕ ಹಕ್ಕೂ ನಮಗಿಲ್ಲ. ಕಲಿಸುವ ನೇಕಾರನಿಗೆ, ಗಾಣದ ಮಾಲಕನಿಗೆ, ಕಾರಖಾನೆಯ ಫಿಟ್ಟರನಿಗೆ ಗೌರವಧನ ಸಲ್ಲಬೇಕು. ಕೈಯ ವಿದ್ಯೆಯನ್ನು ಪುಕ್ಕಟೆಯಾಗಿ ಪಡೆದು ಮಾತಿನ ವಿದ್ಯೆಗೆ ಮಾತ್ರ ಸಂಬಳ ಕೊಡುವುದು ಆ ಅರ್ಧ ಕ್ರೆಡಿಟ್ಟಿನ ಅನ್ಯಾಯವನ್ನೇ ಮುಂದುವರಿಸಿದಂತೆ.

ಜೂನ್ ಬಂದೊಡನೆ ಕಾಲೇಜಿನ ಕಚೇರಿಗಳ ಮುಂದೆ ಮತ್ತೆ ಸಾಲು ನಿಲ್ಲುತ್ತದೆ. ಸಾಲಿನಲ್ಲಿ ನಿಂತ ತಂದೆತಾಯಿಗಳಲ್ಲಿ ನನ್ನದೊಂದು ಬಿನ್ನಹ. ಫೀ ಕೇಳಿರಿ, ವರ್ಷ ಕೇಳಿರಿ, ನೌಕರಿಯ ಮಾತನ್ನೂ ಕೇಳಿರಿ. ಅದಾದ ಮೇಲೆ, ‘ನಮ್ಮ ಮಗಳು ಮೊದಲ ವರ್ಷದಲ್ಲಿಯೇ ಯಾವ ಕೆಲಸವನ್ನು ಕಣ್ಣಾರೆ ಕಾಣುತ್ತಾಳೆ, ಯಾರ ಜೊತೆಗೆ ಹೋಗಿ ಕಾಣುತ್ತಾಳೆ?’ ಎಂದು ಕೇಳಿರಿ. ಕಿಟಕಿಯ ಒಳಗಿದ್ದವರಿಗೆ ಉತ್ತರ ತಿಳಿಯದಿದ್ದರೆ ಅವರು ಪ್ರಾಚಾರ್ಯರ ಕೋಣೆಯನ್ನು ತೋರಿಸುತ್ತಾರೆ. ಒಂದೇ ದಿನ ಹತ್ತು ಮಂದಿ ಆ ಕೋಣೆಗೆ ಹೋಗಿ ಇದೇ ಪ್ರಶ್ನೆಯನ್ನು ಕೇಳಿದರೆ, ಮುಂದಿನ ವರ್ಷದ ವೇಳಾಪತ್ರಿಕೆಯಲ್ಲಿ ಅದಕ್ಕೊಂದು ಅರ್ಧ ದಿನ ಸಿಕ್ಕೇ ಸಿಗುತ್ತದೆ.